ಹಿತ್ತಿಲಲ್ಲಿ ಹೂತ ಗಂಡ

ಸುಖೀ ಸಂಸಾರವೆಂದರೆ ಹೇಗಿರಬೇಕು ಎಂದು ಊರಿಗೇ ತೋರಿಸಿಕೊಡುವ ಸಲುವಾಗಿ ವೆಂಡಲ್ ಪ್ರುಯಿಟ್ ತನ್ನ ಹೆಂಡತಿಯ ಕೈಯಲ್ಲೇ ಕೊಲೆಯಾಗಲು ತೀರ್ಮಾನಿಸಿದ.

ಅದು ಅಕ್ಟೋಬರ್ ತಿಂಗಳು, ಅಲ್ಲಿನವರು ಭೂತದ ವೇಷ ಹಾಕಿ ಆಡುವ ಹಬ್ಬದ ಕಾಲ. ಓಹಿಯೋದ ಆ ಬಡಾವಣೆಯಲ್ಲಿ ಮೇಪಲ್ ಮರಗಳು ಸದ್ದಿಲ್ಲದೆ ಕೆಂಪಾಗಿದ್ದವು. ಮನೆಮನೆಯ ಮೆಟ್ಟಿಲ ಮೇಲೂ ಕಣ್ಣು ಬಾಯಿ ಕೊರೆದ ಕುಂಬಳಕಾಯಿಗಳು ಕೂತಿದ್ದವು. ಲಾರ್ಕ್‌ಮೂರ್ ಬೀದಿಯ ಅಂಗಳಗಳಲ್ಲಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರಗಳು ಆರಾಮಕುರ್ಚಿಗೆ ಒರಗಿ ಬಿಸಿಲು ಕಾಯಿಸುತ್ತಿದ್ದವು. ಊರಿನ ಗ್ರಂಥಾಲಯದವರು ಎಂದಿನಂತೆ, ಮನೆಯಲ್ಲೇ ತಯಾರಿಸಿದ ಭಯಾನಕ ಕಿರುಚಿತ್ರಗಳ ಸ್ಪರ್ಧೆ ಸಾರಿದ್ದರು.

"ಈ ಸಲ ಬಹುಮಾನ ನಮ್ಮದೇ," ಎಂದ ವೆಂಡಲ್, ತಿಂಡಿಯ ಮೇಜಿನ ಮೇಲೆ ಎರಡೂ ಅಂಗೈ ಊರಿ. "ಕಥೆ ಸಿದ್ಧ. ಬಡಾವಣೆಯಲ್ಲಿ ಒಂದು ಚಂದದ ಮನೆ. ಒಳ್ಳೇ ಗಂಡ. ಒಂದು ದಿನ ಹೆಂಡ್ತಿ ಅವನನ್ನ ಕೊಂದು ಹಿತ್ತಲಲ್ಲಿ ಹೂತುಬಿಡ್ತಾಳೆ. ಮಾರನೇ ದಿನ ಏನೂ ಆಗಿಲ್ಲ ಅನ್ನೋ ಹಾಗೆ ಹುಲ್ಲಿಗೆ ನೀರು ಹಾಕ್ತಾಳೆ. ಜನ ನಗಬೇಕು. ನಗ್ತಾ ನಗ್ತಾ ಪಕ್ಕದಲ್ಲಿ ಕೂತಿರೋ ಹೆಂಡ್ತೀನ ಒಂದು ಸಲ ತಿರುಗಿ ನೋಡಬೇಕು."

"ಹೆಂಡ್ತಿ ಯಾರು?" ಎಂದಳು ಕೊರಿನ್.

"ನೀನೇ."

ಕೊರಿನ್ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದಳು. ಸವರುವುದನ್ನು ನಿಲ್ಲಿಸಲಿಲ್ಲ. "ನಾನು ಟೊಲೆಡೊಗೆ ಹೋಗ್ತೀನಿ ಅಂದಿದ್ದೆ. ವರ್ನಾ ಮನೆಗೆ. ನೆನಪಿದೆಯಾ?"

"ಇದೆ. ಅದಕ್ಕೇ ಈ ಚಿತ್ರ."

ನೆನಪಿಲ್ಲದೆ ಏನು. ಬೇಸಿಗೆಯ ಕೊನೆಯಲ್ಲಿ ಒಂದು ದಿನ ಬಟ್ಟೆ ಮಡಿಸುತ್ತ, ನಾಳೆ ಮೋಡ ಕವಿಯಬಹುದು ಎನ್ನುವಷ್ಟೇ ಸಪ್ಪೆಯಾಗಿ ಅವಳು ಹೇಳಿದ್ದಳು. ತಂಗಿಯ ಮನೆಯಲ್ಲಿ ಕೆಲವು ದಿನ ಇರುತ್ತೇನೆ, ವಾಪಸು ಬರುತ್ತೇನೋ ಇಲ್ಲವೋ ಅಲ್ಲಿಗೆ ಹೋದ ಮೇಲೆ ತಿಳಿಯುತ್ತದೆ ಎಂದು. ಜಗಳವಿರಲಿಲ್ಲ, ಕಣ್ಣೀರಿರಲಿಲ್ಲ. ವೆಂಡಲನಿಗೆ ಅದೇ ಹೆದರಿಕೆ ಹುಟ್ಟಿಸಿತ್ತು. ಅವನದು ವಿಮಾ ಕಂಪನಿಯ ಕೆಲಸ. ಆಲಿಕಲ್ಲು ಬಿದ್ದ ಮನೆಗಳ ಛಾವಣಿ ಹತ್ತಿ, ಹಾನಿ ಎಷ್ಟಾಗಿದೆ ಎಂದು ನೋಡಿ ಹೇಳುವುದು. ಪರರ ಸೂರಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಅವನ ಕಣ್ಣಿಗೆ ಬೀಳುತ್ತಿತ್ತು. ತನ್ನ ಮನೆಯಲ್ಲಿ ಎಲ್ಲಿ ಸೋರುತ್ತಿದೆ ಎಂಬುದು ಮಾತ್ರ ಎಷ್ಟು ಹುಡುಕಿದರೂ ಕಾಣಲಿಲ್ಲ.

ಅವರಿಬ್ಬರ ನಡುವೆ ಉಳಿದದ್ದೆಂದರೆ ಶನಿವಾರ ಸಂಜೆಯ ಚಿತ್ರಗಳು. ಮದುವೆಯಾದ ಹೊಸದರಲ್ಲಿ ಶುರುವಾದ ಚಾಳಿ ಅದು. ಒಪ್ಪವಾಗಿ ಕತ್ತರಿಸಿದ ಹುಲ್ಲು, ಬಿಳಿ ಬೇಲಿ, ಒಂದೇ ಬಗೆಯ ಅಂಚೆಪೆಟ್ಟಿಗೆಗಳು; ಒಳಗೆ ಗಂಡಹೆಂಡತಿ ಒಬ್ಬರಿಗೊಬ್ಬರು ಉಪ್ಪು ದಾಟಿಸುತ್ತ, ಒಬ್ಬರನ್ನೊಬ್ಬರು ಮುಗಿಸುವ ಉಪಾಯ ಹೂಡುವ ಚಿತ್ರಗಳು. ಭೂತವಿಲ್ಲ, ಪಿಶಾಚಿಯಿಲ್ಲ. ಮೊದಲ ದೃಶ್ಯದಲ್ಲಿ ಕೇಕು ಕತ್ತರಿಸಿದ ಚಾಕುವೇ ಕೊನೆಯಲ್ಲಿ ಬೇರೆ ಕೆಲಸಕ್ಕೆ ಬರುತ್ತಿತ್ತು. ಸೋಫಾದ ಮೇಲೆ ಒಂದೇ ಕಂಬಳಿಯಡಿ ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವರಿಗಿಂತ ನಾವು ವಾಸಿ ಎಂಬ ನೆಮ್ಮದಿಯಲ್ಲಿ ಮಲಗುತ್ತಿದ್ದರು. ಕಳೆದ ಚಳಿಗಾಲದಿಂದ ಕೊರಿನ್ ನಗುವುದನ್ನು ಬಿಟ್ಟಿದ್ದಳು. ಚಿತ್ರ ನೋಡುತ್ತಿದ್ದಳು, ಆದರೆ ಅಡುಗೆಯ ಕಾರ್ಯಕ್ರಮ ನೋಡುವವರ ಹಾಗೆ, ಗಮನವಿಟ್ಟು.

ಇಬ್ಬರೂ ಸೇರಿ ಒಂದು ಚಿತ್ರ ಮಾಡಿದರೆ ಆ ನಗು ಮರಳುತ್ತದೆ, ನಗು ಮರಳಿದರೆ ಟೊಲೆಡೊ ತಾನಾಗಿ ದೂರ ಸರಿಯುತ್ತದೆ ಎಂಬುದು ವೆಂಡಲನ ಲೆಕ್ಕಾಚಾರ.

"ಸರಿ," ಎಂದಳು ಕೊರಿನ್. "ಚಿತ್ರ ಮುಗಿಸಿ ಹೋಗ್ತೀನಿ."

ಮುಂದಿನ ಭಾನುವಾರ ಚಿತ್ರೀಕರಣ. ಮೊದಲನೆಯದು ಅಡುಗೆಮನೆಯ ಜಗಳ. ವೆಂಡಲ್ ಬರೆದುಕೊಟ್ಟ ಮಾತನ್ನು ಕೊರಿನ್ ಒಮ್ಮೆ ಓದಿ ಕೆಳಗಿಟ್ಟಳು.

"'ನೀನು ನನ್ನ ಹುಟ್ಟುಹಬ್ಬ ಮರೆತುಬಿಟ್ಟೆ' ಅಂತ ಬರೆದಿದೀಯ. ನೀನು ಯಾವತ್ತು ಮರೆತಿದೀಯ? ಪ್ರತಿ ವರ್ಷ ತಪ್ಪದೆ ನಿನಗಿಷ್ಟವಾದ ಹೋಟೆಲಿಗೆ ಕರ್ಕೊಂಡು ಹೋಗ್ತೀಯ."

"ಇದು ನಮ್ಮ ಕಥೆ ಅಲ್ಲ ಕೊರಿನ್. ಯಾರೋ ಒಂದು ಗಂಡಹೆಂಡ್ತಿ ಕಥೆ."

"ಆ ಹೆಂಡ್ತಿ ಯಾಕೆ ಕೊಲ್ತಾಳೆ ಅಂತ ಇದ್ರಲ್ಲಿ ಎಲ್ಲೂ ಇಲ್ಲ."

"ನೋಡೋರಿಗೆ ಅರ್ಥ ಆಗುತ್ತೆ."

"ನಿನಗೆ?"

"ನಾನು ನಿರ್ದೇಶಕ," ಎಂದ ವೆಂಡಲ್. ಆ ವಿಷಯ ಅಲ್ಲಿಗೆ ಮುಗಿಯಿತು.

ರಕ್ತವನ್ನೂ ಅವನೇ ತಯಾರಿಸಿದ. ಮೆಕ್ಕೆಜೋಳದ ಪಾಕಕ್ಕೆ ಕೇಕಿಗೆ ಹಾಕುವ ಕೆಂಪು ಬಣ್ಣವನ್ನು ಶೀಸೆಗಟ್ಟಲೆ ಸುರಿದು ಕಲಸಿದ. "ಮೊದಲು ಮುಖಕ್ಕೆ ಒಂದಿಷ್ಟು ವ್ಯಾಸಲೀನ್ ಹಚ್ಕೋ," ಎಂದಳು ಕೊರಿನ್. "ನಾನು ನೋಡ್ಕೋತೀನಿ," ಎಂದ ವೆಂಡಲ್. ಈ ಮನೆಯಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಅದೇ ಇರಬೇಕು.

ಹಿತ್ತಿಲಲ್ಲಿ ಹುಲ್ಲು ಕೆತ್ತಿ ಅವನೇ ಗುಂಡಿ ತೋಡಿದ್ದ. ಚಿತ್ರದ ಪ್ರಾಣವೆಲ್ಲ ಈ ದೃಶ್ಯದಲ್ಲಿದೆ ಎಂದು ಅವನಿಗೆ ಖಾತ್ರಿಯಿತ್ತು. ಚಿತ್ರ ತೆಗೆಯುವ ಫೋನನ್ನು ಗುಂಡಿಯ ಒಳಗೇ, ತನ್ನ ತಲೆಯ ಪಕ್ಕದಲ್ಲಿ, ಮೇಲ್ಮುಖವಾಗಿ ನಿಲ್ಲಿಸಿದ. ಸತ್ತ ಗಂಡನ ಕಣ್ಣಿಗೆ ಹೆಂಡತಿ ಹೇಗೆ ಕಾಣುತ್ತಾಳೆ ಎಂಬುದನ್ನು ಈವರೆಗೆ ಯಾರೂ ತೋರಿಸಿಲ್ಲ ಎಂದ. ಮುಖಕ್ಕೆ ಪಾಕ ಸುರಿದುಕೊಂಡು ಮಲಗಿದ. ಕೊರಿನ್ ಗುದ್ದಲಿಯಿಂದ ಮಣ್ಣೆಳೆದು ಅವನ ಕಾಲ ಮೇಲೆ, ಹೊಟ್ಟೆಯ ಮೇಲೆ ಹಾಕಿದಳು. ಮೇಲೆ ತಿಳಿಯಾದ ಆಕಾಶ. ಎಲೆಯೊಂದು ತೇಲಿಕೊಂಡು ಬಂದು ಅವನ ಎದೆಯ ಮೇಲೆ ಕೂತಿತು.

"ಕಟ್," ಎಂದ ವೆಂಡಲ್.

ಮಣ್ಣು ಬಿತ್ತು.

"ಕೊರಿನ್, ಕಟ್ ಅಂದೆ."

ಇನ್ನೊಂದಿಷ್ಟು ಬಿತ್ತು.

"ಕೊರಿನ್."

"ಕೇಳಿಸಲಿಲ್ಲ," ಎಂದಳು ಅವಳು, ಗುದ್ದಲಿ ಕೆಳಗಿಟ್ಟು. "ಅಭ್ಯಾಸ."

ವೆಂಡಲ್ ಮಣ್ಣು ಕೊಡವಿಕೊಂಡು ಎದ್ದು, ಇನ್ನೊಂದು ದೃಶ್ಯಕ್ಕೆ ಬೇಕಾದೀತೆಂದು ಗುಂಡಿ ಮುಚ್ಚದೆ ಅದರ ಮೇಲೆ ಟಾರ್ಪಾಲು ಹೊದಿಸಿದ. ಸಂಜೆ ಬಣ್ಣ ತೊಳೆಯಲು ಕೂತಾಗ ಬಣ್ಣ ಹೋಗಲಿಲ್ಲ. ಸೋಪು, ಎಣ್ಣೆ, ನಿಂಬೆರಸ, ಪಾತ್ರೆ ಉಜ್ಜುವ ಪುಡಿ, ಯಾವುದಕ್ಕೂ ಜಗ್ಗಲಿಲ್ಲ. ಹಣೆಯಿಂದ ಗಲ್ಲದವರೆಗೆ ಬೀಟ್‌ರೂಟಿನಂತಾದ ಮುಖ ಹೊತ್ತುಕೊಂಡು ಯಾರ ಛಾವಣಿ ಹತ್ತುವುದು? ಸೋಮವಾರ ಅವನು ಆಫೀಸಿಗೆ ಫೋನು ಮಾಡಿ ಜ್ವರ ಎಂದು ಹೇಳಿದ. ಅವನ ಕಾರು ಶೆಡ್ಡಿನಲ್ಲೇ ಉಳಿಯಿತು. ಪರದೆಗಳೂ ಸರಿಯಲಿಲ್ಲ.

ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ತನ್ನ ಕೆಲಸ ಮುಗಿಸಿ ಕೊರಿನ್ ಮನೆಗೆ ಬಂದು ಇನ್ನೂ ಕೋಟು ಬಿಚ್ಚಿರಲಿಲ್ಲ, ಬಾಗಿಲ ಗಂಟೆ ಸದ್ದು ಮಾಡಿತು. ವೆಂಡಲ್ ತನ್ನ ಮುಖ ಯಾರ ಕಣ್ಣಿಗೂ ಬೀಳದಿರಲೆಂದು ಅಡುಗೆಮನೆಗೆ ಸೇರಿದ ಸಾಮಾನು ಕೋಣೆಯೊಳಗೆ ನುಗ್ಗಿ ಬಾಗಿಲೆಳೆದುಕೊಂಡ. ಹಿಟ್ಟಿನ ಚೀಲಗಳ ನಡುವೆ ನಿಂತವನಿಗೆ ಬಾಗಿಲ ಸಂದಿಯಿಂದ ಅಡುಗೆಮನೆಯ ಮೇಜಿನ ಅರ್ಧ ಕಾಣುತ್ತಿತ್ತು.

ಬಂದವಳು ಪಕ್ಕದ ಮನೆಯ ಮ್ಯಾಕ್ಸೀನ್. ಕೈಯಲ್ಲಿ ಬಟ್ಟೆ ಸುತ್ತಿದ ಗಾಜಿನ ಪಾತ್ರೆ. ಆ ಬೀದಿಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು. ಯಾರ ಮನೆಯಲ್ಲಾದರೂ ಸಾವಾದರೆ ಅಕ್ಕಪಕ್ಕದವರು ಓವನ್ನಿನಲ್ಲಿ ಬೇಯಿಸಿದ ಕ್ಯಾಸರೋಲ್ ತರುತ್ತಾರೆ. ಪಾತ್ರೆಯ ತಳಕ್ಕೆ ಅವರವರ ಹೆಸರಿನ ಚೀಟಿ ಅಂಟಿಸಿರುತ್ತಾರೆ. ಏನಾಯಿತು, ಹೇಗಾಯಿತು ಎಂದು ಮಾತ್ರ ಕೇಳುವುದಿಲ್ಲ. ಕೇಳುವುದು ಅಲ್ಲಿ ಮರ್ಯಾದೆಯಲ್ಲ.

"ಟ್ಯೂನಾ ಮೀನು ಹಾಕಿದ ನೂಡಲ್ಸು," ಎಂದಳು ಮ್ಯಾಕ್ಸೀನ್. "ಮೇಲೆ ಚಿಪ್ಸ್ ಪುಡಿ ಮಾಡಿ ಹಾಕಿದೀನಿ. ಬಿಸಿ ಮಾಡ್ಕೊಂಡು ತಿನ್ನು."

"ಯಾಕೆ ಇದೆಲ್ಲ?"

"ನಿನ್ನೆ ಮಹಡಿ ಕಿಟಕಿ ಒರೆಸ್ತಾ ಇದ್ದೆ. ನಿಮ್ಮ ಹಿತ್ತಲು ಕಾಣ್ತು. ತಕ್ಷಣ ಪರದೆ ಎಳ್ಕೊಂಡೆ. ಅಷ್ಟೇ ನಾನು ಹೇಳೋದು."

ಕೊರಿನ್ ಏನೋ ಹೇಳಲು ಬಾಯಿ ತೆರೆದಳು. ಮ್ಯಾಕ್ಸೀನ್ ಕುರ್ಚಿ ಎಳೆದುಕೊಂಡು ಕೂತು ಅವಳ ಕೈಮೇಲೆ ಕೈಯಿಟ್ಟಳು.

"ಸುಸ್ತಾಗಿತ್ತೇನೇ ನಿನಗೆ?"

ಕೊರಿನ್ ಕೋಟಿನಲ್ಲೇ ಎದುರಿನ ಕುರ್ಚಿಯಲ್ಲಿ ಕೂತಳು.

"ಹೂಂ," ಎಂದಳು ಕೊರಿನ್. "ತುಂಬಾ."

"ಆಗಿರುತ್ತೆ. ನನ್ನ ಹೈಡ್ರೇಂಜಿಯ ಗಿಡ ಎರಡು ಕೊಡ್ತೀನಿ, ಅಲ್ಲಿ ನೆಡು. ಪೊದೆಯಾಗಿ ಹಬ್ಬುತ್ತೆ. ಹೂ ಬಿಡೋ ಗಿಡದ ಬುಡ ಯಾರೂ ಅಗೆಯಲ್ಲ."

ಗುಂಡಿ ತೋಡಿ ಸುಸ್ತಾಗಿದ್ದು ನನಗಲ್ಲವೇ ಎಂದು ವೆಂಡಲ್ ಹಿಟ್ಟಿನ ಚೀಲಗಳ ನಡುವೆ ಅಂದುಕೊಂಡ. ಅದಕ್ಕಿಂತ ಆಚೆಗೆ ಅವನಿಗೆ ಇನ್ನೂ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದವಳು ಮೂಲೆಮನೆಯ ರೋಸಲಿನ್. ಮ್ಯಾಕ್ಸೀನ್ ಎದ್ದುಹೋದ ಹಿಂದೆಯೇ ಅವಳು ಆಲೂಗಡ್ಡೆ ಮತ್ತು ಹ್ಯಾಮಿನ ಪಾತ್ರೆ ಹಿಡಿದುಕೊಂಡು ಬಂದಳು.

"ಹಿತ್ತಲು ಆರಿಸಿಕೊಂಡಿದ್ದು ಒಳ್ಳೇದಾಯ್ತು," ಎಂದಳು ರೋಸಲಿನ್, ಮೆಲುದನಿಯಲ್ಲಿ. "ನೆಲಮಾಳಿಗೆ ಆದ್ರೆ ತೇವ. ನಮ್ಮ ಯಜಮಾನ್ರು ಡೇಲ್ ಫ್ಲಾರಿಡಾಕ್ಕೆ ಹೋದ್ರಲ್ಲ, ಆಗ ಈ ಬೀದಿಯೋರು ಒಂದು ಮಾತಾದ್ರೂ ಕೇಳಿದ್ರಾ? ಊಟ ತಂದ್ರು. ಪಾತ್ರೆ ತಗೊಂಡು ಹೋದ್ರು. ಅಷ್ಟೇ. ನೀನೂ ತಂದಿದ್ದೆ. ಚಿಕನ್ನು ಅನ್ನ."

"ಡೇಲ್ ಫ್ಲಾರಿಡಾದಲ್ಲಿಲ್ವಾ?"

"ಚೆನ್ನಾಗಿದಾರೆ," ಎಂದಳು ರೋಸಲಿನ್. "ಒಂದು ಮಾತಿಲ್ಲ, ಒಂದು ದೂರಿಲ್ಲ."

ಡೇಲ್ ಹೋದ ವರ್ಷವೇ ರೋಸಲಿನ್ ತನ್ನ ಹಿತ್ತಿಲಿಗೆ ಸಿಮೆಂಟು ಹಾಕಿಸಿ ಮರದ ಮಂಟಪ ಕಟ್ಟಿಸಿದ್ದು ವೆಂಡಲನಿಗೆ ಈಗ ನೆನಪಾಯಿತು. ಆ ಮಂಟಪದಲ್ಲಿ ಕೂತು ಅವನು ಐಸ್ ಟೀ ಕುಡಿದಿದ್ದ. ಎಷ್ಟು ಗಟ್ಟಿಯಾದ ತಳಪಾಯ ಎಂದು ಹೊಗಳಿಯೂ ಇದ್ದ. ಕೊರಿನ್ ತನ್ನನ್ನು ನಿಜಕ್ಕೂ ಕೊಂದು ಹೂತಿದ್ದಾಳೆ ಎಂದು ಇವರೆಲ್ಲ ನಂಬಿದ್ದಾರೆ. ನಂಬಿ, ಪೊಲೀಸರನ್ನು ಕರೆದಿಲ್ಲ. ನೂಡಲ್ಸು ತಂದಿದ್ದಾರೆ.

ಆದರೂ ಅವನು ಹೊರಗೆ ಬರಲಿಲ್ಲ. ಮೊದಲು ಮುಖದ ನಾಚಿಕೆ ತಡೆದಿತ್ತು. ಈಗ ಬೇರೆಯೇ ಒಂದು ತಡೆಯಿತು. ಒಂದು ಮಾತಿಗಾಗಿ ಅವನು ಕಾಯುತ್ತಿದ್ದ. ನನ್ನ ಗಂಡ ಬದುಕಿದ್ದಾನೆ ಎಂಬ ಮಾತು. ಕಷ್ಟದ್ದೇನಲ್ಲ, ನಾಲಿಗೆ ತೊಡರುವಂಥದ್ದಲ್ಲ. ಅದನ್ನು ಮ್ಯಾಕ್ಸೀನಳಿಗೆ ಹೇಳಬಹುದಿತ್ತು, ರೋಸಲಿನ್‌ಗೆ ಹೇಳಬಹುದಿತ್ತು. ಕೊರಿನ್ ಹೇಳಲಿಲ್ಲ. ರೋಸಲಿನ್ ಹೋಗುವಾಗ ಅವಳನ್ನು ತಬ್ಬಿಕೊಂಡಳು, ಕೊರಿನ್ ತಬ್ಬಿಸಿಕೊಂಡಳು. ಬಾಗಿಲ ಸಂದಿಯಿಂದ ಹೆಂಡತಿಯ ಬೆನ್ನು ಕಾಣುತ್ತಿತ್ತು. ಆ ಬೆನ್ನು ಹಗುರಾಗಿತ್ತು.

ಮೂರನೆಯವರಾಗಿ ಬಂದವರು ಬಡಾವಣೆಯ ಸಂಘದ ಅಧ್ಯಕ್ಷರಾದ ಓರ್ವಲ್ ಟಟಲ್. ಬೇಲಿ ಎಷ್ಟೆತ್ತರ ಇರಬೇಕು, ಬಾಗಿಲಿಗೆ ಯಾವ ಬಣ್ಣ ಬಳಿಯಬೇಕು, ಹುಲ್ಲು ಯಾವ ಜಾತಿಯದಾಗಿರಬೇಕು ಎಂದು ಹೇಳುವ ಹಿರಿಯರು. ಅವರು ಊಟ ತಂದಿರಲಿಲ್ಲ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು.

"ಕೊರಿನ್, ನಿಮ್ಮ ದುಃಖದ ಹೊತ್ತಲ್ಲಿ ಬರಬಾರದಿತ್ತು. ಒಂದೇ ಮಾತು. ಹಿತ್ತಲಲ್ಲಿ ಏನಿದೆ ಅಂತ ಸಂಘ ಕೇಳಲ್ಲ. ಅದು ಮನೆ ಒಳಗಿನ ವಿಷಯ. ಆದ್ರೆ ಮೇಲೆ ಹಾಕೋ ಹುಲ್ಲು ಮಾತ್ರ ಮೊದಲಿದ್ದ ಜಾತಿಯದ್ದೇ ಆಗಿರ್ಲಿ."

"ಆಗ್ಲಿ ಓರ್ವಲ್ ಅವರೇ," ಎಂದಳು ಕೊರಿನ್.

ವೆಂಡಲನಿಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲು ತಳ್ಳಿಕೊಂಡು ಹೊರಬಂದ. ಮುಖವೆಲ್ಲ ಕೆಂಪು, ತಲೆ ಹೆಗಲೆಲ್ಲ ಹಿಟ್ಟು. ಓರ್ವಲ್ ಟಟಲ್ ಕಿರುಚಲಿಲ್ಲ. ಅವರ ಟೋಪಿ ತಾನಾಗಿ ಕೈಜಾರಿ ಬಿತ್ತು.

"ನಾನು ಸತ್ತಿಲ್ಲ," ಎಂದ ವೆಂಡಲ್. "ಅದು ಚಿತ್ರ. ಸಿನಿಮಾ. ಗ್ರಂಥಾಲಯದ ಸ್ಪರ್ಧೆಗೆ."

ಓರ್ವಲ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದಲ್ಲಿದ್ದ ಮರುಕ ಮೆಲ್ಲಗೆ ಇಳಿಯಿತು. "ಹಾಗಾದ್ರೆ ಗುಂಡಿ?"

"ಅದೂ ಚಿತ್ರಕ್ಕೇ."

"ಅನುಮತಿ ತಗೊಂಡಿದ್ರಾ?"

"ಇವಳು ನನ್ನನ್ನ ಹೂತಿದಾಳೆ ಅಂದ್ಕೊಂಡಾಗ ನೀವು ಅನುಮತಿ ಕೇಳಲಿಲ್ಲವಲ್ಲ."

"ಅದು ಬೇರೆ," ಎಂದರು ಓರ್ವಲ್, ಬಗ್ಗಿ ಟೋಪಿ ಎತ್ತಿಕೊಂಡು. "ಅದು ಸಂಸಾರದ ಕಷ್ಟ, ಯಾರಿಗೂ ಬರಬಹುದು ಅಂತ ಕಣ್ಣು ಮುಚ್ಕೊಂಡಿದ್ವಿ. ಇದು ಹವ್ಯಾಸ. ಹವ್ಯಾಸಕ್ಕೆ ಅನುಮತಿ ಬೇಕು. ನಾಳೆ ಬೆಳಿಗ್ಗೆ ಎದ್ದ ತಕ್ಷಣ ಗುಂಡಿ ಮುಚ್ಚಬೇಕು ನೀವು."

ವೆಂಡಲ್ ಬದುಕಿದ್ದಾನೆ ಎಂಬ ಸುದ್ದಿ ಬೀದಿಯಲ್ಲಿ ಹರಡಲು ಹೊತ್ತಾಗಲಿಲ್ಲ. ಸಂತೋಷ ಹೇಳಲು ಯಾರೂ ಬರಲಿಲ್ಲ. ಮ್ಯಾಕ್ಸೀನ್ ಕೊರಿನ್‌ಗೆ ಫೋನಿನಲ್ಲಿ ಒಂದು ಸಂದೇಶ ಕಳಿಸಿದಳು: 'ಪಾಪ ಕಣೇ ನೀನು.'

ಇಬ್ಬರೂ ಅಡುಗೆಮನೆಯಲ್ಲಿ ಕೂತು ತಮ್ಮದೇ ಸೂತಕದ ಊಟ ಮಾಡಿದರು. ನೂಡಲ್ಸು ಚೆನ್ನಾಗಿಯೇ ಇತ್ತು.

"ನಾನು ಬದುಕಿದೀನಿ ಅಂತ ಒಂದು ಮಾತು ಹೇಳೋಕಾಗಲಿಲ್ವಾ?" ಎಂದ ವೆಂಡಲ್.

"ಅವರು ಕೇಳಲಿಲ್ಲ."

"ಕೇಳದಿದ್ರೂ ಹೇಳಬಹುದಿತ್ತು."

"ಹೇಳೋಣ ಅಂತಲೇ ಬಾಯಿ ತೆಗೆದೆ. ಅಷ್ಟರಲ್ಲಿ ಮ್ಯಾಕ್ಸೀನ್ ಸುಸ್ತಾಗಿತ್ತೇನೇ ಅಂದ್ಲು." ಕೊರಿನ್ ಫೋರ್ಕು ಕೆಳಗಿಟ್ಟಳು. "ಆ ಪ್ರಶ್ನೇನ ನನಗೆ ಯಾರಾದ್ರೂ ಕೇಳಿ ಎಷ್ಟು ಕಾಲ ಆಯ್ತು ಅಂತ ಯೋಚನೆ ಮಾಡ್ತಾ ಕೂತೆ. ಆಮೇಲೆ ನಿನ್ನ ವಿಷಯ ಮರೆತೇಹೋಯ್ತು. ಸುಳ್ಳು ಹೇಳ್ತಿಲ್ಲ ವೆಂಡಲ್. ನಿಜವಾಗ್ಲೂ ಮರೆತುಹೋಗಿತ್ತು."

ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಹೇಳಬೇಕು? ವೆಂಡಲ್ ಹೇಳಿದ. ಗುಂಡಿಯೊಳಗಿಂದ ತೆಗೆದ ದೃಶ್ಯದಲ್ಲಿ ಬೆಳಕು ಎಷ್ಟು ಚೆನ್ನಾಗಿ ಬಿದ್ದಿದೆ, ಸಂಗೀತ ಎಲ್ಲಿ ಬರಬೇಕು, ಈ ಕ್ಯಾಸರೋಲಿನ ಪ್ರಸಂಗವನ್ನೂ ಕಥೆಗೆ ಸೇರಿಸಿದರೆ ಬಹುಮಾನ ಹೇಗೆ ನಿಶ್ಚಯ ಎಂಬುದನ್ನೆಲ್ಲ ವಿವರವಾಗಿ ಹೇಳಿದ. ಹೆದರಿದಾಗ ಅವನಿಗೆ ವಿವರಿಸುವುದೊಂದೇ ಗೊತ್ತಿತ್ತು. ಕೊರಿನ್ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಎದ್ದು ತಂಗಿಗೆ ಫೋನು ಮಾಡಿದಳು.

ಮರುದಿನ ಬೀದಿ ಏಳುವ ಮುನ್ನವೇ ವರ್ನಾ ತನ್ನ ಕಾರಿನಲ್ಲಿ ಬಂದು ಅಕ್ಕನನ್ನು ಕರೆದುಕೊಂಡು ಹೋದಳು. "ಮಧ್ಯಾಹ್ನದವರೆಗೆ ಫೋನು ಆಫ್ ಮಾಡಿರ್ತೀನಿ," ಎಂದಳು ಕೊರಿನ್, ಬಾಗಿಲಲ್ಲಿ ನಿಂತು. "ಒಂದಿಷ್ಟು ಹೊತ್ತು ಯಾರ ದನೀನೂ ಬೇಡ." ವೆಂಡಲ್ ಅವಳ ಪೆಟ್ಟಿಗೆ ಎತ್ತಿ ಕಾರಿನಲ್ಲಿಟ್ಟ. ಇಟ್ಟ ಮೇಲೆ, ಇನ್ನಷ್ಟು ಭಾರವಿದ್ದರೆ ಒಳ್ಳೆಯದಿತ್ತು, ಎತ್ತಲು ಇನ್ನಷ್ಟು ಹೊತ್ತಾಗುತ್ತಿತ್ತು ಎನಿಸಿತು.

ಖಾಲಿ ಮನೆಯಲ್ಲಿ ಅವನು ಮೇಜಿನ ಬಳಿ ಕೂತು ಚಿತ್ರ ತೆರೆದ. ಗುಂಡಿಯೊಳಗಿನ ದೃಶ್ಯ. ಕೆಳಗಿನಿಂದ ಮೇಲಕ್ಕೆ, ಆಕಾಶದ ಎದುರಿಗೆ ಕೊರಿನ್‌ಳ ಮುಖ. ಗಂಡನನ್ನು ಕೊಂದವಳ ಮುಖದಲ್ಲಿ ಏನಿರಬೇಕೆಂದು ಅವನು ಬರೆದುಕೊಟ್ಟಿದ್ದನೋ ಅದರಲ್ಲಿ ಒಂದೂ ಇರಲಿಲ್ಲ. ಸಿಟ್ಟಿರಲಿಲ್ಲ, ಸೇಡಿರಲಿಲ್ಲ. ಗುದ್ದಲಿ ಎತ್ತುವ ಮುನ್ನ ಅವಳು ಒಂದು ಸಲ ಕೆಳಗೆ ನೋಡಿದಳು. ಕೆಲಸದ ದಿನದ ಕೊನೆಯಲ್ಲಿ ಬಸ್ಸಿಗೆ ಕಾಯುವವರು ದಾರಿಯ ತುದಿ ನೋಡುವ ಹಾಗೆ. ಆ ನೋಟ ಅವನಿಗೆ ಹೊಸದಲ್ಲ. ಊಟದ ಮೇಜಿನಾಚೆಯಿಂದ, ಸೋಫಾದ ಇನ್ನೊಂದು ತುದಿಯಿಂದ ಅದು ಅವನ ಕಡೆಗೆ ದಿನವೂ ಬರುತ್ತಿತ್ತು. ನೋಡಲು ಅವನು ಒಂದು ಸಲ ಗುಂಡಿಯಲ್ಲಿ ಮಲಗಬೇಕಾಯಿತು.

ಓರ್ವಲ್ ಟಟಲ್ ಹೇಳಿದ್ದು ನೆನಪಾಗಿ ಹಿತ್ತಿಲಿಗೆ ಹೋದ. ಟಾರ್ಪಾಲು ಸರಿಸಿ ಒಬ್ಬನೇ ಮಣ್ಣು ತುಂಬಿದ. ಮೇಲೆ ನಿಂತು ಕಾಲಿನಿಂದ ತುಳಿದು ಗಟ್ಟಿ ಮಾಡಿದ.

ಮ್ಯಾಕ್ಸೀನ್ ಆ ಬೆಳಿಗ್ಗೆಯೂ ಕಿಟಕಿ ಒರೆಸುತ್ತಿದ್ದಳು. ಅವಳಿಗೆ ಕಂಡದ್ದು ಇಷ್ಟು: ಕೊರಿನ್ ಎಲ್ಲೂ ಇಲ್ಲ, ಕೊರಿನ್‌ಳ ಕಾರು ಇದ್ದಲ್ಲೇ ಇದೆ, ಅವಳ ಫೋನು ಸತ್ತಿದೆ, ಕೆಂಪು ಮುಖದ ಗಂಡ ಹಿತ್ತಿಲ ಗುಂಡಿಯನ್ನು ಮುಚ್ಚಿ ತುಳಿಯುತ್ತಿದ್ದಾನೆ. ಈ ಸಲ ಅವಳು ಓವನ್ ಹಚ್ಚಲಿಲ್ಲ.

ಪೊಲೀಸ್ ಕಾರು ಬಂದಾಗ ವೆಂಡಲ್ ಇನ್ನೂ ತುಳಿಯುತ್ತಲೇ ಇದ್ದ. ಇಳಿದವಳು ಒಬ್ಬ ಯುವ ಅಧಿಕಾರಿಣಿ, ತುಂಬಾ ಸೌಜನ್ಯದವಳು. ಹಿಂದೆಯೇ ಬೇಲಿಯ ಬಳಿ ಮ್ಯಾಕ್ಸೀನ್, ರೋಸಲಿನ್, ಓರ್ವಲ್ ಟಟಲ್ ಬಂದು ನಿಂತರು.

"ನಿಮ್ಮ ಹೆಂಡ್ತಿ ಎಲ್ಲಿದಾರೆ ಸರ್?"

"ತಂಗಿ ಮನೆಗೆ ಹೋಗಿದಾಳೆ. ಟೊಲೆಡೊಗೆ."

"ಅಯ್ಯೋ ದೇವರೇ," ಎಂದಳು ರೋಸಲಿನ್. ಊರು ಬಿಟ್ಟುಹೋದವರ ವಿಷಯದಲ್ಲಿ ಅವಳಿಗೆ ಅನುಭವವಿತ್ತು.

ವೆಂಡಲ್ ಫೋನು ಮಾಡಿದ. ಅದು ಆಫ್ ಆಗಿತ್ತು. ವರ್ನಾಳ ನಂಬರು ಅವನ ಬಳಿ ಇರಲಿಲ್ಲ. ಅದನ್ನು ಯಾವತ್ತೂ ಕೇಳಿರಲೇ ಇಲ್ಲ. ಚಿತ್ರದ ವಿಷಯ ಹೇಳಿದ. ತೋರಿಸಿದ. ಅಧಿಕಾರಿಣಿ ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿದಳು.

"ಇದ್ರಲ್ಲಿ ಸತ್ತಿರೋದು ನೀವು."

"ಹೌದು. ಕಥೆ ಅದೇ."

"ಅಂದ್ರೆ ಅವರು ನಿಮ್ಮನ್ನ ಹೂಳ್ತಾರೆ. ಎರಡು ದಿನದ ಮೇಲೆ ಅವರು ಕಾಣಲ್ಲ, ನೀವು ಗುಂಡಿ ಮುಚ್ತಾ ಇರ್ತೀರಿ." ಅವಳು ಫೋನು ವಾಪಸು ಕೊಟ್ಟಳು. "ಸರ್, ನೀವೇ ಒಂದ್ಸಲ ಅಗೆದು ತೋರಿಸಿದ್ರೆ ಎಲ್ಲರಿಗೂ ಸಮಾಧಾನ."

"ಮತ್ತೆ ಅಗೆಯೋದಾದ್ರೆ ಅದಕ್ಕೆ ಬೇರೆ ಅನುಮತಿ ಬೇಕು," ಎಂದರು ಓರ್ವಲ್ ಟಟಲ್ ಬೇಲಿಯಾಚೆಯಿಂದ. ಅಧಿಕಾರಿಣಿ ಅವರ ಕಡೆ ತಿರುಗಿ ನೋಡಿದಳು. ಅವರು ಟೋಪಿ ಸರಿಮಾಡಿಕೊಂಡರು.

ವೆಂಡಲ್ ಅಗೆದ. ತುಳಿದು ಗಟ್ಟಿ ಮಾಡಿದ ಮಣ್ಣು ಸುಲಭಕ್ಕೆ ಏಳಲಿಲ್ಲ. ಬೆವರಿಗೆ ಮುಖದ ಬಣ್ಣ ಕರಗಿ ಅಂಗಿಯ ಕಾಲರಿಗೆ ಇಳಿಯಿತು. ಸೋಪಿಗೂ ನಿಂಬೆಗೂ ಜಗ್ಗದ್ದು ಈಗ ತಾನಾಗಿ ಹರಿಯುತ್ತಿತ್ತು. ಬೀದಿಯವರೆಲ್ಲ ಕೈಕಟ್ಟಿ ನಿಂತು ನೋಡಿದರು. ಗುಂಡಿಯ ತಳ ಕಾಣಿಸಿತು. ತಳದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದು ಕೂಡ ಅವರಿಗೆ ಪೂರ್ತಿ ಸಮಾಧಾನ ತಂದಂತೆ ಕಾಣಲಿಲ್ಲ.

ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು, ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕೊರಿನ್. ಅಧಿಕಾರಿಣಿಯ ಸೂಚನೆಯಂತೆ ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರ್ ಹಾಕಿದ.

"ಮೇಡಂ, ನಾನು ಪೊಲೀಸ್. ನೀವು ಕ್ಷೇಮವಾಗಿದೀರಾ?"

"ಇದೀನಿ."

"ನಿಮ್ಮ ಇಷ್ಟದಿಂದಲೇ ಹೋದ್ರಾ?"

"ಹೌದು. ಬಹಳ ವರ್ಷದ ಇಷ್ಟ." ಆಮೇಲೆ ಕೊರಿನ್ ಕೇಳಿದಳು: "ಏನಾಯ್ತು ಅಲ್ಲಿ? ವೆಂಡಲ್ ಇದಾನಾ?"

"ಇದೀನಿ," ಎಂದ ವೆಂಡಲ್, ಗುಂಡಿಯೊಳಗಿಂದ. "ನಾನು ನಿನ್ನನ್ನ ಕೊಂದಿದೀನಿ ಅಂದ್ಕೊಂಡ್ರು."

"ಯಾರಾದ್ರೂ ನಿನಗೆ ಊಟ ತಂದ್ರಾ?" ಎಂದಳು ಕೊರಿನ್.

ವೆಂಡಲ್ ಬೇಲಿಯ ಕಡೆ ನೋಡಿದ. ಮ್ಯಾಕ್ಸೀನಳ ಕೈ ಖಾಲಿ. ರೋಸಲಿನ್‌ಳದೂ ಖಾಲಿ.

"ಇಲ್ಲ," ಎಂದ. "ಪೊಲೀಸರನ್ನ ಕರೆದ್ರು."

ವಿವರಿಸಬಹುದಾದದ್ದು ಬೇಕಾದಷ್ಟಿತ್ತು. ಮೊದಲಿನ ವೆಂಡಲ್ ಆಗಿದ್ದರೆ ಗುದ್ದಲಿ ಊರಿಕೊಂಡು ನಿಂತು, ಯಾರಿಗೆ ಏನು ಕಂಡಿತು, ಯಾಕೆ ಹಾಗೆ ಕಂಡಿತು ಎಂದು ಒಂದೊಂದಾಗಿ ಹೇಳುತ್ತಿದ್ದ. ಸೊಂಟದವರೆಗೆ ಮಣ್ಣಿನಲ್ಲಿ ನಿಂತು, ಸಂಘದ ಅಧ್ಯಕ್ಷರ ಎದುರಿಗೆ, ಸರ್ಕಾರದ ಎದುರಿಗೆ ಅವನು ಒಂದು ಪ್ರಶ್ನೆ ಕೇಳಿದ.

"ಕೊರಿನ್, ನಿನಗೆ ಸುಸ್ತಾಗಿತ್ತಾ?"

ಮ್ಯಾಕ್ಸೀನ್ ಬೇಲಿಯ ಮೇಲಿಂದ ಫೋನಿನ ಕಡೆ ಕತ್ತು ಚಾಚಿದಳು. ಆಮೇಲೆ ಫೋನಿನೊಳಗಿಂದ ಸಣ್ಣದೊಂದು ಸದ್ದು ಬಂತು. ಅಳುವೋ ಎಂದು ವೆಂಡಲ್ ಹೆದರಿದ. ಅದು ಅಳುವಾಗಿರಲಿಲ್ಲ. ಕಳೆದ ಚಳಿಗಾಲದಿಂದ ಅವನು ಕೇಳಿರದ ನಗು ಅದು, ಮೊದಲು ತಡೆತಡೆದು, ಆಮೇಲೆ ತಡೆಯಿಲ್ಲದೆ.

"ಈಗ ಎಲ್ಲಿ ನಿಂತಿದೀಯ?" ಎಂದಳು ಕೊರಿನ್, ನಗು ನಿಂತ ಮೇಲೆ.

"ಗುಂಡೀಲಿ."

"ಮುಚ್ಚಬೇಕು ಅಂದಿದ್ರಲ್ಲ ಓರ್ವಲ್ ಅವರು?"

"ಮುಚ್ಚಿದ್ದೆ. ಇವರು ಮತ್ತೆ ತೆಗೆಸಿದ್ರು."

"ಹಾಗೇ ಇರ್ಲಿ ಬಿಡು," ಎಂದಳು ಕೊರಿನ್. "ಭಾನುವಾರ ಬರ್ತೀನಿ. ಆ ಪ್ರಶ್ನೆಗೆ ಉತ್ತರ ಉದ್ದ ಇದೆ, ನೀನು ಕೂತು ಪೂರ್ತಿ ಕೇಳಬೇಕು. ಮಧ್ಯೆ ಬಾಯಿ ಹಾಕಿದ್ರೆ, ಮ್ಯಾಕ್ಸೀನ್ ಎರಡು ಹೂವಿನ ಗಿಡ ಕೊಡ್ತೀನಿ ಅಂದಿದಾಳೆ."